ಬೇಗ ಬೆಳೆದ ಮರ ಬೇಗ ಬೀಳುತ್ತದೆಯೇ?

ತಿಪಟೂರು

ಚಿ. ಸೌ. ವೀಣಾಗೆ ದೊಡ್ಡಪ್ಪನ ಆಶೀರ್ವಾದ.

ಮನೆಯ ಸಮಾಚಾರವೆಲ್ಲ ನಿಮ್ಮಪ್ಪನಿಂದ ಮೊದಲೇ ತಿಳಿದಿತ್ತು. ಪಶ್ಚಿಮದ ರೂಮಿಗೆ ಬೀಳುವ ಸಂಜೆ ಬಿಸಿಲು ತಡೆಯಲು ಬೇಗ ನೆರಳು ಕೊಡುವ ಮರ ಯಾವುದು ಎಂದು ಕೇಳಿದ್ದೀಯ, ನಿಮ್ಮ ಬೀದಿಯಲ್ಲಿ ಮರ ಬಿದ್ದದ್ದನ್ನೂ ಬರೆದಿದ್ದೀಯ. ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಬೇಗ ಬೆಳೆಯೋ ಮರ ಬೇಗ ಬೀಳುತ್ತಂತೆ ದೊಡ್ಡಪ್ಪ, ಪಾಪು ಮಲಗೋದು ಪಶ್ಚಿಮದ ರೂಮಲ್ಲೇ" ಅಂತ, ಅದನ್ನು ಓದಿದ ಮೇಲೆ ಬೇರೆ ಕೆಲಸಕ್ಕೆ ಮನಸ್ಸು ಹೋಗಲಿಲ್ಲ.

ನಿನ್ನ ಹೆದರಿಕೆ ಸುಳ್ಳಲ್ಲ. ಅವಸರದಲ್ಲಿ ಎತ್ತರಕ್ಕೆ ಹೋಗುವ ಮರದ ಕಟ್ಟಿಗೆ ಸಾಮಾನ್ಯವಾಗಿ ಹಗುರ, ಗಾಳಿಗೆ ಬಾಗುವ ಬದಲು ಮುರಿಯುತ್ತದೆ. ಮಕ್ಕಳು ಮೊಗ್ಗು ಹಿಸುಕಿ ನೀರು ಚಿಮ್ಮಿಸುವ ನೀರುಕಾಯಿ ಮರ ಹಾಗೆ, ಆಕಾಶಮಲ್ಲಿಗೆ ಹಾಗೆ, ನುಗ್ಗೆಯಂತೂ ಕೇಳಲೇಬೇಡ. ಗುಲ್ಮೊಹರ್ ಕೊಡೆಯ ಹಾಗೆ ಅಗಲಕ್ಕೆ ಹರಡಿ ಬೇರನ್ನು ಮೇಲೆಮೇಲೆಯೇ ಬಿಡುತ್ತದೆ. ಏಪ್ರಿಲ್-ಮೇ ತಿಂಗಳ ಮೊದಲ ಮಳೆಗೆ ನಿಮ್ಮ ಬೀದಿಯಲ್ಲಿ ಮಲಗಿದ್ದು ಅದೇ ಇರಬೇಕು. ಈ ನಾಲ್ಕನ್ನೂ ಪಾಪುವಿನ ಕಿಟಕಿಯ ಕಡೆ ತರಬೇಡ. ಹೆಬ್ಬೇವು ಹೊಲದ ಬದುವಿಗೆ ಸರಿ, ಅರವತ್ತು ಅಡಿಗೂ ಮೀರಿ ಹೋಗುವ ಮರ ಸೈಟಿಗೆ ಬೇಡ. ನರ್ಸರಿಯಲ್ಲಿ ಕೊನೊಕಾರ್ಪಸ್ ತೋರಿಸಿ ಆರು ತಿಂಗಳಿಗೆ ಹಸಿರು ಗೋಡೆ ಆಗುತ್ತೆ ಎನ್ನುತ್ತಾರೆ. ಅದರ ಬೇರು ಪೈಪು, ಚರಂಡಿಯೊಳಕ್ಕೆ ನುಗ್ಗುತ್ತದೆಂಬ ದೂರಿದೆ, ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಆದರೆ ಬಿದ್ದ ಮರದ ಬುಡವನ್ನು ಒಮ್ಮೆ ಹತ್ತಿರ ಹೋಗಿ ನೋಡು. ಎಷ್ಟೋ ಸಲ ಒಂದು ಮಗ್ಗುಲಿನ ಬೇರನ್ನು ಪೈಪಿಗೋ ಚರಂಡಿಗೋ ಕಡಿದಿರುತ್ತಾರೆ, ಇಲ್ಲವೇ ಬುಡದವರೆಗೂ ಕಾಂಕ್ರೀಟು ಹಾಕಿರುತ್ತಾರೆ, ಇಲ್ಲವೇ ಬೇರು ಸುರುಳಿ ಸುತ್ತಿಕೊಂಡು ಕೆಳಗೆ ಇಳಿದೇ ಇರುವುದಿಲ್ಲ. ಅದು ಮರದ ಜಾತಿಯ ತಪ್ಪಲ್ಲ, ನೆಟ್ಟವರದು, ಸಾಕಿದವರದು. ದಿನಾ ಒಂದು ಚೊಂಬು ನೀರು ಹಾಕುವುದೇ ಪ್ರೀತಿ ಎಂದು ನಾನೂ ಬಹಳ ವರ್ಷ ತಿಳಿದಿದ್ದೆ. ಮೇಲೆಮೇಲೆಯೇ ನೀರು ಸಿಕ್ಕರೆ ಬೇರು ಆಳಕ್ಕೆ ಇಳಿಯುವುದಿಲ್ಲ. ನಿಮ್ಮ ದೊಡ್ಡಮ್ಮ ಆಸೆಪಟ್ಟು ನೆಟ್ಟ ಗುಲ್ಮೊಹರ್ ಬಿದ್ದು ಹೋದದ್ದು ಹಾಗೆಯೇ. ಅವಳ ಮುಂದೆ ಗಾಳಿಯ ಮೇಲೆ ತಪ್ಪು ಹೊರಿಸಿದೆ. ಅವಳು ಇರುವಾಗಲೇ ನಿಜ ಹೇಳಿಬಿಡಬೇಕಿತ್ತು.

ಇರಲಿ, ನಿನ್ನ ರೂಮಿಗೆ ಬರುತ್ತೇನೆ. ಗೋಡೆಯಿಂದ ಕಾಂಪೌಂಡಿಗೆ 18 ಅಡಿ ಜಾಗ ಇದೆ ಎಂದಿದ್ದೀಯ. ನೆರಳು ಬೇಕೆಂದರೆ ಗೋಡೆಗೆ ಹತ್ತಿರ ನೆಡಬೇಕು ಅಂದುಕೊಳ್ಳುತ್ತಾರೆ, ಬೇಕಾಗಿಲ್ಲ. ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ 15 ಅಡಿ ಮರದ ನೆರಳು ಸುಮಾರು 20 ಅಡಿ ಚಾಚುತ್ತದೆ. ಗೋಡೆಯಿಂದ 12 ಅಡಿ ಬಿಟ್ಟರೂ ಕಿಟಕಿಯ ಬಹುಪಾಲು ಮುಚ್ಚುತ್ತದೆ, ಐದು ಗಂಟೆಗೆ ಪೂರ್ತಿ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಲ್ಲ, ವಾಯವ್ಯದ ಕಡೆಗೆ ಸರಿದು. ಆದ್ದರಿಂದ ಕಿಟಕಿಯ ಎದುರಿಗೇ ಅಲ್ಲ, ಮೂರು ನಾಲ್ಕು ಅಡಿ ಉತ್ತರಕ್ಕೆ ಸರಿಸಿ ನೆಡು. ಮೇಲೆ ವಿದ್ಯುತ್ ತಂತಿ ಇದೆಯೇ, ಒಳಚರಂಡಿ ಪೈಪು ಆ ಕಡೆಯಿಂದ ಹೋಗಿದೆಯೇ, ಅದನ್ನು ನೀನು ಬರೆದಿಲ್ಲ.

ಅಲ್ಲಿಗೆ ಹೊಂಗೆ. ನಾಲ್ಕು ಜನ ಹೇಳುವ ಹಾಗೆ ಬೇವೂ ಆಗಬಹುದು, ಆದರೆ ನಿನ್ನ ಜಾಗಕ್ಕೆ ಹೊಂಗೆಯೇ ನನ್ನ ಮನಸ್ಸಿಗೆ ಬರುತ್ತದೆ. ತಾಯಿಬೇರು ಆಳಕ್ಕೆ ಇಳಿಯುತ್ತದೆ, ನೆರಳು ದಟ್ಟ. ಎಲೆ ಉದುರುವುದು ಫೆಬ್ರವರಿ-ಮಾರ್ಚಿನಲ್ಲಿ, ನಿಜವಾದ ಸೆಕೆ ಬರುವಷ್ಟರಲ್ಲಿ ಹೊಸ ಚಿಗುರು ತುಂಬಿರುತ್ತದೆ. ಎಲೆಯ ಮೇಲೆ ಗಂಟುಗಂಟು ಎದ್ದರೆ ಗಾಬರಿಯಾಗಬೇಡ, ಮರಕ್ಕೆ ಅದರಿಂದ ಏನೂ ಆಗದು. ನೀರು ಸಿಕ್ಕರೆ ನಾಲ್ಕನೇ ಬೇಸಿಗೆಗೆ ಹತ್ತು ಹನ್ನೆರಡು ಅಡಿಯ ಆಸುಪಾಸಿಗೆ ಬಂದೀತು. ಅಷ್ಟು ದಿನ ಕಾಯಲಾಗದು ಎಂದು ನೀನು ಹೇಳುವುದೂ ನ್ಯಾಯವೇ.

ಅದಕ್ಕೆ ಹೊಂಗೆಯ ಸಾಲಿನಲ್ಲೇ, ಅದರ ಎರಡೂ ಪಕ್ಕ ಆರೇಳು ಅಡಿ ಬಿಟ್ಟು ಒಂದೊಂದು ಅಗಸೆ ಹಾಕು. ಚಟ್ನಿಪುಡಿಯ ಅಗಸೆ ಅಲ್ಲ, ವೀಳ್ಯದೆಲೆ ಬಳ್ಳಿ ಹಬ್ಬಿಸುವ ಮರ, ಕೆಲವರು ಚೊಗಚೆ ಎನ್ನುತ್ತಾರೆ. ಬೀಜವನ್ನು ಒಂದು ರಾತ್ರಿ ನೆನೆಸಿ ನೆಲಕ್ಕೇ ಊರಿದರೆ ಸಾಕು, ವರ್ಷದೊಳಗೆ ನಿನ್ನ ತಲೆಗಿಂತ ಬಹಳ ಮೇಲೆ ಹೋಗಿರುತ್ತದೆ. ಇದರ ಕಟ್ಟಿಗೆ ಮೆತ್ತಗೆ, ಆಯಸ್ಸೂ ಕಡಿಮೆ. ಮತ್ತೆ ಬೀಳುವ ಮರವನ್ನೇ ಹೇಳಿದೆನೆ? ಲೆಕ್ಕ ನೋಡು. ಗೋಡೆಯಿಂದ 12 ಅಡಿ ದೂರದಲ್ಲಿದ್ದು, ತುದಿ ಸವರಿ 10 ಅಡಿ ಮೀರದಂತೆ ಇಟ್ಟರೆ ಬುಡಸಮೇತ ಬಿದ್ದರೂ ಗೋಡೆ ಮುಟ್ಟುವುದಿಲ್ಲ. ತುದಿ ಸವರಿದರೆ ಪಕ್ಕಕ್ಕೆ ಚಿಗುರುತ್ತದೆ, ಸೊಪ್ಪು, ಹೂವು ಸಾರಿಗೆ ಪಲ್ಯಕ್ಕೆ ಬರುತ್ತದೆ. ನಾಲ್ಕನೇ ವರ್ಷ ಹೊಂಗೆ ಮೇಲೆ ಬಂದಾಗ ಕಡಿದುಬಿಡು, ಮಮತೆಯಿಂದ ಉಳಿಸಿಕೊಳ್ಳಬೇಡ. ಹೊಂಗೆಯ ಜಾಗ ಮಾತ್ರ ಈಗಲೇ ಯೋಚಿಸಿ ನಿರ್ಧರಿಸು. ಬೆಳೆದ ಎಷ್ಟೋ ಜಾತಿಯ ಮರಗಳನ್ನು ಸ್ವಂತ ಹಿತ್ತಿಲಲ್ಲಿ ಕಡಿಯಲೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು.

ನರ್ಸರಿಯಲ್ಲಿ ಎತ್ತರದ ಗಿಡ ನೋಡಿ ಮರುಳಾಗಬೇಡ. ಸಣ್ಣ ಚೀಲದಲ್ಲಿ ಆರಡಿ ಗಿಡ ನಿಂತಿದೆ ಎಂದರೆ ಬೇರು ಒಳಗೇ ಸುತ್ತು ಹೊಡೆದಿದೆ ಎಂದೇ ಅರ್ಥ. ಮುಂದೆ ಬೀಳುವುದು ಅಂಥದ್ದೇ. ಎರಡು ಮೂರಡಿಯ, ಬುಡ ದಪ್ಪಗಿರುವ ಗಿಡ ತಾ. ಚೀಲವನ್ನು ಕತ್ತರಿಸಿ ತೆಗೆ, ಮಣ್ಣಿನ ಮುದ್ದೆಗೆ ಬ್ಲೇಡಿನಿಂದ ಮೇಲಿಂದ ಕೆಳಕ್ಕೆ ಮೂರು ನಾಲ್ಕು ಗೀರು ಹಾಕು, ಸುತ್ತಿದ ಬೇರು ತುಂಡಾಗಲಿ. ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಮೇಲ್ಮಣ್ಣಿಗೆ ಹತ್ತು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ ಸಾಕು. ಹೆಚ್ಚು ಹಾಕಿದರೆ ಬೇರು ಗುಂಡಿ ಬಿಟ್ಟು ಹೊರಗೆ ಹೋಗುವುದಿಲ್ಲ. ಚೀಲದಲ್ಲಿ ಎಷ್ಟು ಹೂತಿತ್ತೋ ಅಷ್ಟೇ ಹೂಳು, ಕಾಂಡಕ್ಕೆ ಮಣ್ಣು ಏರಿಸಬೇಡ. ಊರುಗೋಲು ಎರಡು ಪಕ್ಕ ನೆಟ್ಟು ಹಳೆ ಬಟ್ಟೆಯಿಂದ ಸಡಿಲವಾಗಿ ಕಟ್ಟು, ಒಂದು ವರ್ಷಕ್ಕೆ ಬಿಚ್ಚಿಬಿಡು. ಗಾಳಿಗೆ ಸ್ವಲ್ಪ ಅಲುಗಿದರೇ ಕಾಂಡ ಗಟ್ಟಿಯಾಗುವುದು.

ನೀರು ವಾರಕ್ಕೆ ಎರಡು ಸಲ, ಒಂದೊಂದು ಸಲ ಒಂದು ಕೊಡ ತುಂಬ, ನಿಧಾನವಾಗಿ. ಎರಡನೇ ವರ್ಷ ವಾರಕ್ಕೆ ಒಂದೇ ಸಲ, ಆದರೆ ಎರಡು ಕೊಡ, ಬುಡದಿಂದ ದೂರ ಸರಿಸಿ. ಬೇರು ನೀರನ್ನು ಹುಡುಕಿಕೊಂಡು ಹೋಗಲಿ.

ಇನ್ನೊಂದು, ಕವಲು. ಮೊದಲ ಮೂರು ವರ್ಷ ಒಂದೇ ನಡುಕಾಂಡ ಇರಲಿ. ಎರಡು ಸಮದಪ್ಪದ ಕೊಂಬೆ ಒತ್ತಾಗಿ ಕವೆಯ ಹಾಗೆ ಎದ್ದರೆ ಒಂದನ್ನು ಹೆಬ್ಬೆರಳ ಗಾತ್ರ ಇರುವಾಗಲೇ ತೆಗೆ. ಆ ಸಂದಿಯಲ್ಲಿ ತೊಗಟೆ ಸಿಕ್ಕಿಕೊಂಡು ಕೂಡುವುದಿಲ್ಲ, ಹತ್ತು ವರ್ಷದ ಮೇಲೆ ಅಲ್ಲೇ ಸೀಳುತ್ತದೆ. ಪಾಪುವಿನ ರೂಮಿನ ಕಡೆ ಚಾಚಿದ ಕೊಂಬೆಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮೊಟಕು ಮಾಡಿಸು. ಇಡೀ ತಲೆ ಬೋಳಿಸಲು ಮಾತ್ರ ಯಾರಿಗೂ ಬಿಡಬೇಡ. ಹಾಗೆ ಬೋಳಿಸಿದ ಮೇಲೆ ಬರುವ ಚಿಗುರು ತೊಗಟೆಗೆ ಅಂಟಿಕೊಂಡಂತೆ ಇರುತ್ತದೆ, ಹಿಡಿತವಿಲ್ಲ.

ಇಷ್ಟೆಲ್ಲ ಮಾಡಿದರೂ ಯಾವ ಮರವೂ ಬೀಳುವುದೇ ಇಲ್ಲ ಎಂದು ನಿನಗೆ ಮಾತು ಕೊಡಲಾರೆ. ನಿನ್ನ ಆ ಸಾಲಿಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ತಿಳಿದಷ್ಟನ್ನು ಬರೆದಿದ್ದೇನೆ.

ಗಿಡ ತರುವ ಮೊದಲು ಒಂದು ಕೆಲಸ ಮಾಡು. ಮನೆ ಕಟ್ಟಿದವರು ಇಟ್ಟಿಗೆ ಚೂರು, ಗಾರೆ ಅಲ್ಲೇ ಹೂತಿರುತ್ತಾರೆ, ಅದನ್ನೆಲ್ಲ ಎತ್ತಿಸು. ಗುಂಡಿ ತೋಡಿದ ಸಂಜೆ ತುಂಬ ನೀರು ಬಿಟ್ಟು ಬೆಳಗ್ಗೆ ಎದ್ದು ನೋಡು. ಇಂಗಿದ್ದರೆ ಜೂನಿನ ಮೊದಲ ಹದ ಮಳೆಗೆ ನೆಡು. ನೀರು ನಿಂತಿದ್ದರೆ ನೆಡಬೇಡ, ಎಷ್ಟು ನಿಂತಿತ್ತು ಅಂತ ನನಗೆ ಬರೆ.

ನಿನ್ನ
ದೊಡ್ಡಪ್ಪ