ಮಂಗಳದ ಧೂಳಿನ ಲೆಕ್ಕ ಮೊದಲು ಹಾಕಿ

ಸಂಪಾದಕರೇ, ನಮಸ್ಕಾರ.

ವಿಜಯಪುರದ ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಸೋಲಾರ್ ಪ್ಯಾನೆಲ್ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ, ಅಷ್ಟು ಧೂಳು. ನಾವೇನೋ ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಮಂಗಳ ಗ್ರಹದಲ್ಲಿ ಒರೆಸೋರು ಯಾರು? 90 ದಿನದ ಕೆಲಸಕ್ಕೆಂದು 2004ರಲ್ಲಿ ಇಳಿದು 14 ವರ್ಷ ದುಡಿದ ನಾಸಾದ ಆಪರ್ಚುನಿಟಿ ರೋವರ್ (ಓಡಾಡುವ ರೋಬಾಟ್), 2018ರ ಧೂಳಿನ ಬಿರುಗಾಳಿಯಲ್ಲಿ ಬಿಸಿಲು ಸಿಗದೆ ಮೌನವಾಯಿತು. ಅಲ್ಲಿಳಿದಿದ್ದ ಇನ್‌ಸೈಟ್ ನೌಕೆ ಕೂಡ 2022ರಲ್ಲಿ ಪ್ಯಾನೆಲ್ ಮೇಲೆ ಧೂಳು ಕೂತೇ ನಿಂತುಹೋಯಿತು. ಪರ್ಸಿವಿಯರೆನ್ಸ್ ರೋವರ್‌ಗೆ ಪ್ಲುಟೋನಿಯಂ ಶಾಖದಿಂದ ಕರೆಂಟ್ ಸಿಗುತ್ತದೆ, ಹಾಗಾಗಿ ಈ ಕಾಟ ಇಲ್ಲ. 2014ರಲ್ಲಿ ಮೊದಲ ಯತ್ನದಲ್ಲೇ ಮಂಗಳದ ಕಕ್ಷೆ ಸೇರಿದ ಇಸ್ರೊ, ಮುಂದೆ ಅಲ್ಲಿ ರೋಬಾಟ್ ಇಳಿಸುವಾಗ ಕ್ಯಾಮೆರಾಗಿಂತ ಮೊದಲು ಕರೆಂಟಿನ ವಿಚಾರ ಗಟ್ಟಿ ಮಾಡಿಕೊಳ್ಳಬೇಕು ಅಲ್ವಾ? ಧೂಳು ತಾನೇ ಕೊಡವಿಕೊಳ್ಳುವ ಪ್ಯಾನೆಲ್ ಮಾಡುವ ಕೆಲಸವನ್ನು ನಮ್ಮ ಭಾಗದ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೂ ಕೊಡಿ.

— ಒಬ್ಬ ಓದುಗ, ವಿಜಯಪುರ