ಪುಟ್ಟುವಿನ ಫೋನ್‌ನಿಂದ ಏನೂ ಅಳಿಸಬೇಡಿ

ಮೆಲ್ಬರ್ನ್

ಅಕ್ಕನಿಗೆ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನಿಗೂ ಹೇಳು.

ನಿನ್ನ ಮೇಲ್ ನೋಡಿದೆ. ಪುಟ್ಟುಗೆ ಆನ್‌ಲೈನ್ ಆಟದಲ್ಲಿ ಸಿಕ್ಕವನು ತಾನೂ ಎಂಟನೇ ಕ್ಲಾಸ್ ಅಂದ, ವಾಟ್ಸಾಪ್‌ಗೆ ಕರೆದ, ಬಟ್ಟೆಯಿಲ್ಲದ ಫೋಟೊ ತರಿಸಿಕೊಂಡ, ಈಗ ಅದನ್ನು ಎಲ್ಲರಿಗೂ ಕಳಿಸುತ್ತೇನೆ ಅಂತ ಹೆದರಿಸಿ ದುಡ್ಡು ಕೇಳುತ್ತಿದ್ದಾನೆ. ಇಂಥವರು ಮಾಡುವುದೇ ಹೀಗೆ ಅಕ್ಕ. ನಮ್ಮ ಹುಡುಗನೊಬ್ಬನೇ ದಡ್ಡ ಅಂದುಕೊಳ್ಳಬೇಡ. ಅವನಾಗಿಯೇ ಬಂದು ನಿನ್ನ ಹತ್ತಿರ ಹೇಳಿದನಲ್ಲ, ಅದೇ ದೊಡ್ಡದು.

ಭಾವ ಸಿಟ್ಟಿನಲ್ಲಿ ಎಲ್ಲ ಡಿಲೀಟ್ ಮಾಡುತ್ತೇನೆ ಅಂದರಂತೆ. ದಯವಿಟ್ಟು ತಡೆ. ಆ ಮೆಸೇಜ್‌ಗಳೇ ಸಾಕ್ಷಿ. ಬೆದರಿಕೆ, ಅವನ ನಂಬರ್, ಆಟದಲ್ಲಿನ ಹೆಸರು, ದುಡ್ಡು ಹಾಕು ಅಂತ ಕೊಟ್ಟ ಯುಪಿಐ ಐಡಿ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಬ್ಲಾಕ್ ಮಾಡಿ. ಒಂದು ರೂಪಾಯಿಯೂ ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾನೆ. ಫೋಟೊ ಮಾತ್ರ ಯಾರಿಗೂ ಕಳಿಸಬೇಡಿ, ನನಗೂ ಬೇಡ. ಅದು ಪುಟ್ಟುವಿನ ಫೋನ್‌ನಲ್ಲೇ ಇರಲಿ. ಟೇಕ್ ಇಟ್ ಡೌನ್ ಅಂತ ಅಮೆರಿಕದ ಒಂದು ಉಚಿತ ಸೇವೆ ಇದೆ. ಫೋಟೊ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆಯಷ್ಟೇ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ ಯಾರಾದರೂ ಹಾಕಿದರೆ ಅದರಿಂದ ಪತ್ತೆಹಚ್ಚಿ ತೆಗೆಯಬಹುದು.

ಪೊಲೀಸ್ ಅಂದರೆ ಮರ್ಯಾದೆ ಹೋಗುತ್ತದೆ ಅಂತ ಭಾವನಿಗೆ ಭಯ, ಅಲ್ವಾ? ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾನೂನು ಗಂಡುಮಕ್ಕಳಿಗೂ ಇದೆ. ಪತ್ರಿಕೆ, ಟಿವಿಯವರು ಮಗುವಿನ ಹೆಸರು ಹಾಕುವಂತಿಲ್ಲ. ಹೇಳಿಕೆ ತೆಗೆದುಕೊಳ್ಳುವ ಪೊಲೀಸರು ಯೂನಿಫಾರ್ಮ್‌ನಲ್ಲೂ ಇರುವಂತಿಲ್ಲ. ಮೊದಲು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪುಟ್ಟು ತುಂಬಾ ಹೆದರಿದ್ದರೆ 1098 ಇದೆ, ಮಕ್ಕಳ ಸಹಾಯವಾಣಿ.

ಇಲ್ಲಿ ಆಸ್ಟ್ರೇಲಿಯಾದ್ದು ಕೇಳು. 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರು ಇನ್‌ಸ್ಟಾಗ್ರಾಮ್, ಟಿಕ್‌ಟಾಕ್ ಖಾತೆ ಇಟ್ಟುಕೊಳ್ಳುವಂತಿಲ್ಲ. ದಂಡ ಮಕ್ಕಳಿಗಲ್ಲ, ಕಂಪನಿಗಳಿಗೆ. 4.95 ಕೋಟಿ ಡಾಲರ್‌ವರೆಗೆ! ಪಕ್ಕದ ಮನೆ ಹುಡುಗ ಮುಖ ತೋರಿಸಿ ವಯಸ್ಸು ಹೇಳುವ ಪರೀಕ್ಷೆಗೆ ಮೀಸೆ ಬರೆದುಕೊಂಡು ಕೂತಿದ್ದನಂತೆ. ನಗಬೇಡ, ಇವರು ಏನೋ ಒಂದು ಮಾಡಿದ್ದಾರಲ್ಲ. ಆದರೆ ವಾಟ್ಸಾಪ್, ಆಟಗಳು ಇದರಲ್ಲಿ ಸೇರಿಲ್ಲ. ನಮ್ಮವನು ಸಿಕ್ಕಿಬಿದ್ದದ್ದೇ ಅಲ್ಲಿ. ಹಾಗಾಗಿ ಆಟದ ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತರ ಚಾಟ್ ಬಂದ್ ಮಾಡಿಸು, ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು.

ಏನೂ ಆಗುವುದಿಲ್ಲ ಅಕ್ಕ, ಖಂಡಿತ ಏನೂ ಆಗುವುದಿಲ್ಲ. ರಾತ್ರಿ ಫೋನ್ ಮಾಡುತ್ತೇನೆ, ಪುಟ್ಟುಗೆ ಕೊಡು. ಮಾಮ ಬೈಯಲ್ಲ ಅಂತ ಹೇಳು. ಮೀಟಿಂಗ್‌ಗೆ ಕರೆಯುತ್ತಿದ್ದಾರೆ, ಬರಲಾ.

ನಿನ್ನ ತಮ್ಮ