ಮೆಚ್ಚುಗೆ ಕೈಸೇರಿದ ಮೇಲೆ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮಾರ್ಗದರ್ಶಕರು ವಾರ್ಷಿಕ ವರದಿಯಲ್ಲಿ ನಿನ್ನ ಬಗ್ಗೆ ಬರೆದ ಅರ್ಧ ಪುಟವನ್ನು ನಿನ್ನ ಅಮ್ಮ ನನಗೆ ಕಳುಹಿಸಿದಳು. ಓದಿ ಎದೆ ತುಂಬಿ ಬಂತು. ಪಶುವೈದ್ಯಕೀಯದಲ್ಲೇ ಬಾಳು ಸವೆಸಿದವಳು ನಾನು. ಯಾವ ಹೊಗಳಿಕೆ ಬಾಯುಪಚಾರದ್ದು, ಯಾವುದು ಕೆಲಸವನ್ನು ಹತ್ತಿರದಿಂದ ಕಂಡು ಬರೆದದ್ದು ಎಂಬುದು ನನಗೆ ಗೊತ್ತಾಗುತ್ತದೆ. ಇದು ಕಂಡು ಬರೆದದ್ದು.

ಜಾಣೆ, ಬರವಣಿಗೆ ಚೊಕ್ಕ, ಹಗಲಿರುಳೆನ್ನದೆ ದುಡಿಯುತ್ತಾಳೆ ಎಂಬ ಮಾತುಗಳನ್ನು ಯಾವ ಸಂಶೋಧನಾ ವಿದ್ಯಾರ್ಥಿಯ ಬಗ್ಗೆ ಬೇಕಾದರೂ ಬರೆಯಬಹುದು. ತನಗೆ ಅನುಕೂಲವಾಗಿ ಬಂದ ಫಲಿತಾಂಶವನ್ನೇ ಈ ಹುಡುಗಿ ಮೊದಲು ಅನುಮಾನಿಸುತ್ತಾಳೆ ಎಂದು ಬರೆದಿದ್ದಾರಲ್ಲ, ಆ ಒಂದು ಸಾಲಿಗೆ ನೀನು ಬೆಲೆ ಕಟ್ಟಬೇಕು.

ಅವರ ಮನಸ್ಸಿನಲ್ಲಿ ಇದ್ದದ್ದು ಕಂದುರೋಗದ, ಅಂದರೆ ಹಸುಗಳು ಕಂದು ಹಾಕುವಂತೆ (ಗರ್ಭಪಾತವಾಗುವಂತೆ) ಮಾಡುವ ಬ್ರುಸೆಲ್ಲೋಸಿಸ್ ಸೋಂಕಿನ, ಆ ಪರೀಕ್ಷೆಗಳೇ ಇರಬೇಕು. ರೋಸ್ ಬೆಂಗಾಲ್ ಪರೀಕ್ಷೆಯನ್ನು ನಾನೂ ಬೇಕಾದಷ್ಟು ಮಾಡಿದ್ದೇನೆ. ಬಿಳಿ ತಟ್ಟೆಯ ಮೇಲೆ ಹಸುವಿನ ರಕ್ತದಿಂದ ಬೇರ್ಪಟ್ಟ ತಿಳಿ ದ್ರವದ (ಸೀರಮ್) ಒಂದು ಹನಿ, ಪಕ್ಕದಲ್ಲಿ ಅಷ್ಟೇ ಗುಲಾಬಿ ಬಣ್ಣದ ಆಂಟಿಜೆನ್, ಅಂದರೆ ಬಣ್ಣ ಹಾಕಿದ ಸತ್ತ ಜೀವಾಣುಗಳ ದ್ರವ. ಎರಡನ್ನೂ ಕಡ್ಡಿಯಿಂದ ಬೆರೆಸಿ 4 ನಿಮಿಷ ತಟ್ಟೆಯನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸಿದರೆ ಹನಿ ನುಣುಪಾಗಿಯೇ ಉಳಿಯುತ್ತದೆ, ಇಲ್ಲವೇ ಕಣ್ಣೆದುರೇ ಒಡೆದು ಹರಳುಹರಳಾಗುತ್ತದೆ. ಹರಳುಗಟ್ಟಿದರೆ ಆ ಜೀವಾಣುವಿನ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯಗಳು ರಕ್ತದಲ್ಲಿವೆ ಎಂದರ್ಥ. ಒಂದೇ ಕೊಟ್ಟಿಗೆಯ ಹಸುಗಳ ಹನಿಗಳು ಸಾಲಾಗಿ ಹರಳುಗಟ್ಟಿದಾಗ ಯಾವ ಸಂಶೋಧಕರಿಗಾದರೂ ಕೈ ಬೇಗ ಕೋಷ್ಟಕದ ಕಡೆಗೇ ಹೋಗುತ್ತದೆ. ನೀನು ಲಸಿಕೆಯ ವಹಿ ತರಿಸಿ, ಕಿವಿಯೋಲೆಯ ಸಂಖ್ಯೆಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಎಳೆಗರುವಾಗಿದ್ದಾಗ ಹಾಕಬೇಕಾದ ಎಸ್-19 ಎಂಬ ಕಂದುರೋಗದ ಲಸಿಕೆ ಕೆಲವಕ್ಕೆ ಬೆಳೆದ ಮೇಲೆ ಬಿದ್ದಿತ್ತು. ಹಾಗೆ ತಡವಾಗಿ ಲಸಿಕೆ ಪಡೆದ ಹಸುವಿನ ರಕ್ತದಲ್ಲಿ ಪ್ರತಿಕಾಯಗಳು ಬಹುಕಾಲ ಉಳಿಯಬಹುದು. ಅವು ರೋಗದಿಂದ ಬಂದವೋ ಲಸಿಕೆಯಿಂದ ಬಂದವೋ ಎಂಬುದನ್ನು ಆ ಗುಲಾಬಿ ಹನಿ ಹೇಳಲಾರದು. ಅಂಥ ಹಸುಗಳನ್ನೆಲ್ಲ ನೀನು ಲೆಕ್ಕದಿಂದ ಹೊರಗಿಟ್ಟೆ, ಏಕೆ ಹೊರಗಿಟ್ಟೆ ಎಂಬುದನ್ನೂ ಬರೆದಿಟ್ಟೆ. ಪ್ರಬಂಧದ ಕೋಷ್ಟಕ ಸೊರಗಿತು, ನಿಜ. ಆದರೆ ರೋಗವಿಲ್ಲದ ಹಸುವನ್ನು ರೋಗಿಯೆಂದು ಬರೆದು ಮಂದೆಯಿಂದ ಹೊರಹಾಕಿಸಿದ್ದರೆ ಅದನ್ನು ಸಾಕಿದವರಿಗೆ ಯಾರು ಉತ್ತರ ಹೇಳಬೇಕಿತ್ತು?

ಈಗ ನನಗಿರುವ ಆತಂಕ ಹೇಳುತ್ತೇನೆ. ಮೆಚ್ಚುಗೆ ಸಿಕ್ಕ ಮರುದಿನದಿಂದಲೇ ಒಂದು ಸಂಕೋಚ ಶುರುವಾಗುತ್ತದೆ. ಮೊದಲಾದರೆ ಬೆಳೆಸಿದ ಜೀವಾಣುಗಳ ಕಲ್ಚರ್ ಕೆಟ್ಟಿತು, ರಾತ್ರಿ ಫ್ರೀಜರ್ ನಿಂತು ಮಾದರಿಗಳು ಕರಗಿದವು ಎಂದು ಓಡಿ ಹೋಗಿ ಹೇಳುತ್ತಿದ್ದವರು, ಹೊಗಳಿಸಿಕೊಂಡ ಮೇಲೆ ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಾರೆ. ಗುರುಗಳ ಕಣ್ಣಲ್ಲಿ ಸಣ್ಣವರಾಗುತ್ತೇವೆಂಬ ಅಳುಕು. ನನ್ನ ಕೈಕೆಳಗೆ ಕಲಿತ ಒಳ್ಳೊಳ್ಳೆಯ ಹುಡುಗರಲ್ಲೇ ಇದನ್ನು ಕಂಡಿದ್ದೇನೆ. ಕೆಟ್ಟ ಸುದ್ದಿಯನ್ನು ಅದೇ ದಿನ ಹೇಳು, ಪುಟ್ಟಿ. ಅವರು ನಿನ್ನನ್ನು ನಂಬಿರುವುದು ನಿನ್ನ ಪ್ರಯೋಗ ಎಂದೂ ಕೆಡುವುದಿಲ್ಲ ಎಂದಲ್ಲ, ಕೆಟ್ಟಾಗ ನಿನ್ನಿಂದಲೇ ತಿಳಿಯುತ್ತದೆ ಎಂದು.

ಬಹುಕಾಲ ಮೆಚ್ಚುಗೆಯೇ ಇಲ್ಲದೆ ಇದೇ ಕ್ಷೇತ್ರದಲ್ಲಿ ದುಡಿದ ಹೆಣ್ಣುಮಗಳೊಬ್ಬರನ್ನು ನೀನು ನೆನಪಿನಲ್ಲಿಡಬೇಕು. 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾದಲ್ಲಿ ಜ್ವರದಿಂದ ಸತ್ತ ಸೈನಿಕರಲ್ಲಿ ಒಂದು ಜೀವಾಣುವನ್ನು ಕಂಡರು. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಕಂದು ಹಾಕಿದ ಹಸುಗಳಲ್ಲಿ ಇನ್ನೊಂದನ್ನು ಕಂಡರು. 1905ರಲ್ಲಿ ಥೆಮಿಸ್ಟೊಕ್ಲಿಸ್ ಝಮ್ಮಿತ್ ಎಂಬ ಮಾಲ್ಟಾದ ವೈದ್ಯರು, ನೋಡಲು ಆರೋಗ್ಯವಾಗಿದ್ದ ಆಡುಗಳಲ್ಲೇ ಆ ಜ್ವರದ ಬೇರನ್ನು ತೋರಿಸಿದರು. ಆದರೂ ಹಸುವಿನದು ಬೇರೆ, ಮನುಷ್ಯನ ಜ್ವರದ್ದು ಬೇರೆ ಎಂದೇ ಎಲ್ಲರೂ ತಿಳಿದಿದ್ದರು. ಅವೆರಡೂ ಹತ್ತಿರದ ಬಂಧುಗಳು, ಹಸಿ ಹಾಲು ಕುಡಿಯುವುದು ಅಪಾಯ ಎಂದು 1918ರಲ್ಲಿ ಪ್ರಕಟಿಸಿದವರು ಅಮೆರಿಕದ ಆಲಿಸ್ ಇವಾನ್ಸ್. ಅವರಿಗೆ ಡಾಕ್ಟರೇಟ್ ಇರಲಿಲ್ಲ. ದೊಡ್ಡ ವಿಜ್ಞಾನಿಗಳು ನಂಬಲಿಲ್ಲ. ಅವರ ಮಾತು ನಿಂತದ್ದು ಬೇರೆಯವರು ತಾವೇ ಮತ್ತೆ ಮಾಡಿ ನೋಡಬಹುದಾಗಿದ್ದ ಪರೀಕ್ಷೆಗಳ ಬಲದಿಂದ. 1928ರಲ್ಲಿ ಅಲ್ಲಿನ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಅವರೇ ಮೊದಲ ಮಹಿಳಾ ಅಧ್ಯಕ್ಷರಾದರು. ನಾಳೆ ಯಾರೋ ಪರಿಶೀಲಕರು ನಿನ್ನ ಲೇಖನವನ್ನು ಕಟುವಾಗಿ ತಳ್ಳಿಹಾಕಿದಾಗ ಮಾರ್ಗದರ್ಶಕರ ಅರ್ಧ ಪುಟ ನಿನ್ನನ್ನು ಕಾಯುವುದಿಲ್ಲ. ನಿನ್ನ ದಾಖಲೆ ಪುಸ್ತಕ ಕಾಯುತ್ತದೆ.

ಇನ್ನು ಆ ಹಗಲಿರುಳೆನ್ನದೆ ದುಡಿಯುವ ಮಾತು. ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅವರು ಪ್ರೀತಿಯಿಂದಲೇ ಬರೆದಿದ್ದಾರೆ, ಆದರೆ ನಿನ್ನ ಕೈಯಲ್ಲಿರುವುದು ಮನುಷ್ಯರಿಗೂ ಅಂಟುವ ಜೀವಾಣು. ಇವಾನ್ಸ್ ಅವರಿಗೇ 1922ರಲ್ಲಿ ಆ ಸೋಂಕು ತಗುಲಿತು, ವರ್ಷಗಟ್ಟಲೆ ಮರುಕಳಿಸಿ ಕಾಡಿತು. ಎಸ್-19 ಜೀವಂತ ಲಸಿಕೆ. ನಿದ್ದೆಗೆಟ್ಟ ಕೈ ಜಾರಿ ಸೂಜಿ ಬೆರಳಿಗೆ ಚುಚ್ಚಿದರೆ ಸಾಕು. ಕಂದು ಹಾಕಿದ ಹಸುವಿಗೆ ಕಸ (ಮಾಸು) ಬಿದ್ದಿಲ್ಲವೆಂದು ಯಾರು ಎಷ್ಟೇ ಅವಸರ ಮಾಡಲಿ, ಭುಜದವರೆಗಿನ ಕೈಗವಸು, ಮುಖಗವಸು, ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡ. ಸೂಜಿ ತಗುಲಿದರೆ ಅಂದೇ ವೈದ್ಯರ ಬಳಿ ಹೋಗಿ ಯಾವ ಜೀವಾಣು, ಯಾವ ಲಸಿಕೆ ಎಂದು ಬಾಯಿಬಿಟ್ಟು ಹೇಳು. ಜ್ವರ ಬರಲೆಂದು ಕಾಯಬೇಡ, ಅದು ಎಷ್ಟೋ ವಾರಗಳ ಮೇಲೆ ಬರಬಹುದು. ರಾತ್ರಿ ಪ್ರಯೋಗಾಲಯದಲ್ಲಿ ಒಬ್ಬಳೇ ಉಳಿಯುವ ಅಭ್ಯಾಸವಿದ್ದರೆ ಇಂದೇ ಬಿಡು. ಇದೊಂದು ವಿಷಯದಲ್ಲಿ ನನಗೆ ಎದುರು ಹೇಳಬೇಡ.

ಮಾರ್ಗದರ್ಶಕರಿಗೆ ಎರಡು ಸಾಲು ಬರೆದು ಕೃತಜ್ಞತೆ ತಿಳಿಸು, ಹೆಚ್ಚು ಬೇಡ. ಹಸುವನ್ನು ಹಿಡಿದುಕೊಟ್ಟವರು, ವಹಿ ಹುಡುಕಿಕೊಟ್ಟವರು, ಯಾವ ಹಸು ಯಾವಾಗ ಕಂದು ಹಾಕಿತೆಂದು ನೆನಪಿನಿಂದ ಹೇಳಿದವರು ಆ ವರದಿಯಲ್ಲಿ ಎಲ್ಲೂ ಇಲ್ಲ. ಪ್ರಬಂಧದಲ್ಲಿ ಅವರ ಹೆಸರುಗಳಿರಲಿ. ಪರೀಕ್ಷೆಯಲ್ಲಿ ಏನು ಬಂತೆಂಬುದನ್ನೂ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ ಬಾ.

ಹೊರಗಿಟ್ಟ ಆ ಹಸುಗಳ ಬಗ್ಗೆ ಮುಂದೇನು ಯೋಚಿಸಿದ್ದೀಯೆ? ಹಾಲಿನಿಂದ ಜೀವಾಣುವನ್ನು ಬೆಳೆಸಿ ನೋಡಿದರೆ ಲಸಿಕೆಯ ತಳಿಯೋ ರೋಗದ ತಳಿಯೋ ಎಂದು ಬೇರ್ಪಡಿಸಬಹುದು. ಬೆಳೆಯದಿದ್ದರೆ ಸೋಂಕಿಲ್ಲ ಎಂದು ಮಾತ್ರ ತೀರ್ಮಾನಿಸುವಂತಿಲ್ಲ. ತಕ್ಕ ಸುರಕ್ಷತೆಯಿರುವ ಪ್ರಯೋಗಾಲಯ ಸಿಗುತ್ತದೆಯೇ ಎಂದು ಮಾರ್ಗದರ್ಶಕರನ್ನು ಕೇಳಿ ನನಗೆ ಬರೆ.

ಇಂತಿ ನಿನ್ನ
ದೊಡ್ಡಮ್ಮ